ನೀರಿಗಿಳಿಸಿದ ಲೇಸ್ ಬಿಚ್ಚಿಕೊಂಡಾಗ: ದೋಷದ ಮೂಲ ಹುಡುಕುವ ಕ್ರಮ

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ, ಅಂದರೆ ಕರಾವಳಿಯ ಕ್ಯಾಥೋಲಿಕರ ಹೊಸ ತೆನೆಯ ಹಬ್ಬಕ್ಕೆ, ಹನ್ನೆರಡು ದಿನ ಬಾಕಿ ಇದ್ದಾಗ, ಚರ್ಚಿನ ಬಲಿಪೀಠದ ಹೊದಿಕೆಯ ಅಂಚಿಗೆಂದು ನಾವು ಹೊಲಿದಿದ್ದ ಲೇಸಿನ ಮೊದಲ ತುಂಡನ್ನು ನೀರು ತುಂಬಿದ ಬೋಗುಣಿಗೆ ಇಳಿಸಿದೆವು. ಕರಗಬೇಕಾದ ಹಾಳೆ ಕರಗಿತು, ಅದರ ಜೊತೆಗೆ ಲೇಸೂ ಹೋಯಿತು. ಎರಡು ನಿಮಿಷದ ಹಿಂದೆ ಭತ್ತದ ತೆನೆಗಳ ನಡುವೆ ಹೂಗಳು ಅರಳಿದಂತೆ ಕಾಣುತ್ತಿದ್ದದ್ದು, ಈಗ ಬೋಗುಣಿಯ ತಳದಲ್ಲಿ ಬಿಡಿ ಹೂಗಳಾಗಿ, ಬಿಡಿ ತೆನೆಗಳಾಗಿ, ಕೆಲವು ಕಡೆ ಬರಿಯ ನೂಲಿನ ಸಿಕ್ಕಾಗಿ ಬಿದ್ದಿತ್ತು. ಯಂತ್ರದಿಂದ ಇಳಿಸಿದಾಗ ಅದರಲ್ಲಿ ನಮ್ಮ ಕಣ್ಣಿಗೆ ಒಂದು ಕೊರತೆಯೂ ಕಂಡಿರಲಿಲ್ಲ. ಮಂಗಳೂರಿನ ಬಿಜೈಯ ನಮ್ಮ ಸಣ್ಣ ಕೋಣೆಯಲ್ಲಿ ಅಂದು ಕಲಿತದ್ದನ್ನು, ಮತ್ತು ಅನಂತರದ ಮಳೆಗಾಲಗಳಲ್ಲಿ ಒಂದೊಂದಾಗಿ ಸೇರಿಸಿಕೊಂಡದ್ದನ್ನು, ಇದೇ ಕೆಲಸಕ್ಕೆ ಕೈ ಹಾಕಿರುವವರಿಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಈ ಬರಹ ಕಂಪ್ಯೂಟರ್ ಎಂಬ್ರಾಯ್ಡರಿ ಯಂತ್ರದಲ್ಲಿ, ನೀರಿನಲ್ಲಿ ಕರಗುವ ಪಿವಿಎ ಹಾಳೆಯ ಮೇಲೆ ಹೊಲಿದು, ಆಮೇಲೆ ಹಾಳೆಯನ್ನು ತೊಳೆದು ತೆಗೆಯುವ ಲೇಸಿಗೆ ಸಂಬಂಧಿಸಿದ್ದು. ಸಾಮಾನ್ಯ ಕಸೂತಿಯಲ್ಲಿ ಹೊಲಿಗೆಯನ್ನು ಬಟ್ಟೆ ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ವಿನ್ಯಾಸದಲ್ಲಿ ಸಣ್ಣ ತಪ್ಪುಗಳಿದ್ದರೂ ಬಟ್ಟೆ ಅವುಗಳನ್ನು ಹೊತ್ತುಕೊಳ್ಳುತ್ತದೆ. ಲೇಸಿನಲ್ಲಿ ನೂಲನ್ನು ನೂಲೇ ಹಿಡಿಯಬೇಕು. ಹಾಗಾಗಿ ದೋಷ ನೀರಿನಲ್ಲಿ ಕಾಣಿಸಿಕೊಂಡರೂ ನೀರಿನಲ್ಲಿ ಹುಟ್ಟಿರುವುದು ಅಪರೂಪ. ಅದು ಕಾಗದದ ಮೇಲಿನ ಮೊದಲ ಗೆರೆಗಳಲ್ಲಿ, ಇಲ್ಲವೆ ಫೈಲು ಸಿದ್ಧಪಡಿಸಿದಾಗ, ಇಲ್ಲವೆ ಫ್ರೇಮಿಗೆ ಹಾಳೆ ಬಿಗಿದಾಗಲೇ ಸೇರಿಕೊಂಡಿರುತ್ತದೆ. ಹುಡುಕುವವರು ನೀರಿನಿಂದ ಹಿಂದಕ್ಕೆ, ಕಾಗದದ ಕಡೆಗೆ ನಡೆಯಬೇಕಾಗುತ್ತದೆ.

ಮೊದಲು ಮಾಡಬೇಕಾದದ್ದು

ಬಿಚ್ಚಿಹೋದ ತುಂಡನ್ನು ಎಸೆಯಬಾರದು, ಕೂಡಲೇ ಯಂತ್ರಕ್ಕೆ ಹೊಸ ಹಾಳೆ ಏರಿಸಿ ಅದೇ ಫೈಲನ್ನು ಮತ್ತೆ ಹೊಲಿಯಲೂಬಾರದು. ಗಡುವು ಹತ್ತಿರವಿದ್ದಾಗ ಕೈ ತಾನಾಗಿಯೇ ಆ ಕಡೆಗೆ ಹೋಗುತ್ತದೆ. ನಾವೂ ಹಾಗೆಯೇ ಮಾಡಿ ಎರಡನೆಯ ತುಂಡನ್ನೂ ಕಳೆದುಕೊಂಡೆವು. ಅದರ ಬದಲು ಬೋಗುಣಿಯ ನೀರನ್ನು ಮೆಲ್ಲಗೆ ಬಸಿದು, ಉಳಿದದ್ದನ್ನು ಕಪ್ಪು ಬಟ್ಟೆಯ ಮೇಲೆ ಹರಡಿ, ಎಲ್ಲಿ ಮತ್ತು ಹೇಗೆ ಬಿಟ್ಟುಕೊಂಡಿದೆ ಎಂಬುದನ್ನು ಭೂತಗನ್ನಡಿಯಲ್ಲಿ ನೋಡಬೇಕು. ಅಲ್ಲಿ ಕಾಣುವುದು ಸಾಮಾನ್ಯವಾಗಿ ನಾಲ್ಕು ಬಗೆ. ಹೂವು, ಎಲೆ, ತೆನೆ ತಮ್ಮಷ್ಟಕ್ಕೆ ಗಟ್ಟಿಯಾಗಿದ್ದು ಒಂದರಿಂದ ಇನ್ನೊಂದು ಬೇರ್ಪಟ್ಟಿದ್ದರೆ ತಪ್ಪು ಚಿತ್ರದಲ್ಲಿದೆ. ಹೂವೇ ಸಡಿಲವಾಗಿ ಸ್ಯಾಟಿನ್ ಹೊಲಿಗೆಯ (ಪಟ್ಟಿಯ ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ ಹಾಕುವ ಹೊಲಿಗೆಯ) ಸುರುಳಿ ಉದ್ದಕ್ಕೆ ಬಿಚ್ಚಿಕೊಂಡಿದ್ದರೆ ತಪ್ಪು ಫೈಲಿನಲ್ಲಿದೆ. ಒಂದೇ ದಿಕ್ಕಿನ ಅಂಚುಗಳು ಮಾತ್ರ ಬಿಟ್ಟುಕೊಂಡು ಎದುರು ದಿಕ್ಕಿನವು ಗಟ್ಟಿಯಾಗಿದ್ದರೆ ಹಾಳೆ ಸರಿದಿದೆ. ನೂಲೇ ಕಡಿದು ತುದಿಯಲ್ಲಿ ನವಿರಾದ ಜುಂಗು ಎದ್ದಿದ್ದರೆ ಸೂಜಿಯನ್ನೋ ಟೆನ್ಶನನ್ನೋ, ಅಂದರೆ ನೂಲಿನ ಬಿಗಿತವನ್ನೋ, ಸಂಶಯಿಸಬೇಕು. ನಮ್ಮ ಮೊದಲ ತುಂಡಿನಲ್ಲಿ ಮೊದಲ ಮೂರೂ ಬೆರೆತಿದ್ದವು, ಆದ್ದರಿಂದಲೇ ಅದನ್ನು ಬಿಡಿಸಿ ನೋಡುವುದಕ್ಕೆ ಎರಡು ದಿನ ಹಿಡಿಯಿತು.

ಬಿಡಿ ಹೂಗಳು: ಚಿತ್ರದ ದೋಷ

ಸೂಜಿಯಿಂದ ಲೇಸ್ ಮಾಡುವ ಕಲೆ 16ನೇ ಶತಮಾನದ ವೆನಿಸ್‌ನಲ್ಲಿ ಬಟ್ಟೆಯ ಆಸರೆಯನ್ನು ಬಿಟ್ಟು ನಿಂತಾಗ, ಅದಕ್ಕೆ ‘ಪುಂತೊ ಇನ್ ಆರಿಯ’, ಅಂದರೆ ಗಾಳಿಯಲ್ಲಿನ ಹೊಲಿಗೆ ಎಂಬ ಹೆಸರು ಬಂತು. ಆ ಕುಶಲಿಗಳು ಚರ್ಮಪತ್ರದ ಮೇಲಿನ ಚಿತ್ರಕ್ಕೆ ಮೊದಲು ಆಧಾರದ ಎಳೆಗಳನ್ನು ಹಾಸಿ ಅಲ್ಲಲ್ಲಿ ತಾತ್ಕಾಲಿಕ ಹೊಲಿಗೆ ಹಾಕಿ ನಿಲ್ಲಿಸಿ, ಆ ಎಳೆಗಳ ಮೇಲೆ ಮಾತ್ರ ಕಸೂತಿ ಕಟ್ಟಿ, ಕೊನೆಗೆ ತಾತ್ಕಾಲಿಕ ಹೊಲಿಗೆಯನ್ನು ಕತ್ತರಿಸಿ ಲೇಸನ್ನು ಬಿಡಿಸಿಕೊಳ್ಳುತ್ತಿದ್ದರು. ಸ್ವಿಟ್ಜರ್ಲೆಂಡಿನ ಇಸಾಕ್ ಗ್ರೋಬ್ಲಿ 1863ರಲ್ಲಿ ಶಿಫ್ಲಿ ಎಂಬ ಕಸೂತಿ ಯಂತ್ರವನ್ನು ರೂಪಿಸಿದ ಮೇಲೆ, 1880ರ ದಶಕದಲ್ಲಿ ಸೇಂಟ್ ಗಾಲೆನ್ ಸುತ್ತಿನ ಕಾರ್ಖಾನೆಗಳು ತಳದ ರೇಷ್ಮೆ ಬಟ್ಟೆಯನ್ನು ರಾಸಾಯನಿಕದಲ್ಲಿ ಕರಗಿಸಿ ಲೇಸನ್ನು ಮಾತ್ರ ಉಳಿಸುವ ವಿಧಾನವನ್ನು ಬಳಕೆಗೆ ತಂದವು. ನಮ್ಮ ಪಿವಿಎ ಹಾಳೆ ಅದೇ ವಿಧಾನದ ಸೌಮ್ಯ ರೂಪ. ಚರ್ಮಪತ್ರವಿರಲಿ, ರೇಷ್ಮೆಯಿರಲಿ, ಹಾಳೆಯಿರಲಿ, ಕೊನೆಗೆ ಇಲ್ಲವಾಗುವುದರ ಮೇಲೆ ವಿನ್ಯಾಸ ಭಾರ ಹಾಕಬಾರದು ಎಂಬ ನಿಯಮ ಮಾತ್ರ ಬದಲಾಗಿಲ್ಲ.

ಚಿತ್ರದಲ್ಲಿ ಈ ನಿಯಮ ಮುರಿದಿದೆಯೇ ಎಂದು ತಿಳಿಯಲು ಒಂದು ಕಾಗದ ಮತ್ತು ಕತ್ತರಿ ಸಾಕು. ಚಿತ್ರವನ್ನು ನಿಜವಾದ ಅಳತೆಯಲ್ಲಿ ಸ್ವಲ್ಪ ದಪ್ಪ ಕಾಗದಕ್ಕೆ ಮುದ್ರಿಸಿ, ನೂಲು ಬರುವ ಭಾಗವನ್ನು ಕಪ್ಪು ಮಾಡಿ, ಬಿಳಿಯ ಭಾಗವನ್ನೆಲ್ಲ ಚೂಪಾದ ಕತ್ತರಿಯಿಂದ ತೆಗೆದುಬಿಡಬೇಕು. ಉಳಿದ ಕಪ್ಪು ಜಾಲರಿಯನ್ನು ಒಂದು ಮೂಲೆಯಿಂದ ಹಿಡಿದು ಮೇಲಕ್ಕೆತ್ತಿದಾಗ ಏನಾದರೂ ಉದುರಿದರೆ ಅದು ನೀರಿನಲ್ಲಿ ಖಂಡಿತ ಉದುರುತ್ತದೆ. ಉದುರದೆ ತಿರುಚಿಕೊಂಡು ಜೋಲುವ ಭಾಗಗಳನ್ನೂ ಗುರುತು ಹಾಕಿಕೊಳ್ಳಬೇಕು. ಒಂದೇ ಕಡೆ ಅಂಟಿಕೊಂಡ ಎಲೆ ತೊಳೆದ ಮೇಲೆ ಮಡಚಿಕೊಳ್ಳುತ್ತದೆ, ಎರಡು ಕಡೆ ಅಂಟಿಕೊಂಡದ್ದು ಆ ಎರಡು ಬಿಂದುಗಳ ನಡುವೆ ಬಾಗಿಲಿನಂತೆ ತಿರುಗುತ್ತದೆ, ಒಂದೇ ಗೆರೆಯಲ್ಲಿಲ್ಲದ ಮೂರು ಕಡೆ ಹಿಡಿದದ್ದು ಮಾತ್ರ ತನ್ನ ಜಾಗದಲ್ಲಿ ಕೂರುತ್ತದೆ. ನಮ್ಮ ತೆನೆಗಳು ತೊಟ್ಟಿನ ಒಂದೇ ಬಿಂದುವಿನಲ್ಲಿ ಅಂಚಿಗೆ ತಾಗಿದ್ದವು, ಅದೂ ಬರಿಯ ತಾಗುವಿಕೆ. ಎರಡು ಆಕೃತಿಗಳು ಕಾಗದದ ಮೇಲೆ ತಾಗಿದಂತೆ ಕಂಡರೆ ಸಾಲದು, ಒಂದರ ಹೊಲಿಗೆ ಇನ್ನೊಂದರ ಒಳಕ್ಕೆ ಕನಿಷ್ಠ 1ರಿಂದ 1.5 ಮಿ.ಮೀ. ನುಗ್ಗಿರಬೇಕು.

ಆಕೃತಿಗಳು ದೂರವಿದ್ದಾಗ ನಡುವೆ ಕೊಂಡಿಗಳನ್ನು ಎಳೆಯಬೇಕಾಗುತ್ತದೆ. ಇವು ಚಿತ್ರದ ಅಂದ ಕೆಡಿಸುತ್ತವೆ ಎಂದು ಗಿರಾಕಿಗಳು ಮಾತ್ರವಲ್ಲ, ಚಿತ್ರ ಬರೆಯುವವರೂ ತಕರಾರು ಮಾಡುವುದುಂಟು. ಕೊಂಡಿಯನ್ನು ಕೊನೆಗೆ ಸೇರಿಸುವ ತೇಪೆಯಂತೆ ನೋಡಿದರೆ ಅದು ತೇಪೆಯಂತೆಯೇ ಕಾಣುತ್ತದೆ. ಮೊದಲ ಗೆರೆಯಿಂದಲೇ ಅದು ಬಳ್ಳಿಯ ಕುಡಿಯಾಗಿ, ಎಲೆಯ ನರವಾಗಿ, ತೆನೆಯ ಮುಳ್ಳಾಗಿ ಬಂದರೆ ಯಾರ ಕಣ್ಣಿಗೂ ಅದು ಕೊಂಡಿ ಎನಿಸುವುದಿಲ್ಲ. ಮಲ್ಪೆಯ ದಕ್ಕೆಯಲ್ಲಿ ಹರಿದ ಬಲೆ ಸರಿಪಡಿಸುವವರನ್ನು ಗಮನಿಸಿದರೆ, ಅವರ ಕಣ್ಣು ಮೊದಲು ಹೋಗುವುದು ಗಂಟಿನ ಕಡೆಗೆ, ಕಣ್ಣಿಯ ತೆರವಿನ ಕಡೆಗಲ್ಲ. ಲೇಸಿನ ಚಿತ್ರ ಬರೆಯುವವರಿಗೂ ಆ ನೋಟ ಬೇಕು.

ಬಿಚ್ಚಿಕೊಂಡ ಸುರುಳಿಗಳು: ಫೈಲಿನ ದೋಷ

ಸ್ಯಾಟಿನ್ ಹೊಲಿಗೆಯಲ್ಲಿ ಮೇಲಿನ ನೂಲು ಮತ್ತು ಕೆಳಗಿನಿಂದ ಬರುವ ಬಾಬಿನ್ ನೂಲು ಒಂದನ್ನೊಂದು ಹಿಡಿಯುವುದು ಪಟ್ಟಿಯ ಎರಡು ಅಂಚುಗಳಲ್ಲಿ ಮಾತ್ರ. ಬಟ್ಟೆಯಿದ್ದರೆ ಆ ಹಿಡಿತ ಬಟ್ಟೆಯ ರಂಧ್ರದಲ್ಲಿ ಕೂತಿರುತ್ತದೆ. ಹಾಳೆ ಕರಗಿದಾಗ ರಂಧ್ರವೇ ಇಲ್ಲವಾಗುತ್ತದೆ, ಪಟ್ಟಿ ಒಳಗೆ ಟೊಳ್ಳಾದ ಸುರುಳಿಯಾಗಿ ಉಳಿಯುತ್ತದೆ. ಆದ್ದರಿಂದ ಪ್ರತಿಯೊಂದು ಸ್ಯಾಟಿನ್ ಪಟ್ಟಿಯ ಒಳಗೂ ರನ್ನಿಂಗ್ ಹೊಲಿಗೆಯ ತಳದ ಜಾಲ ಇರಲೇಬೇಕು. ಮೇಲಿನ ನೂಲು ಆ ಜಾಲದ ಮೇಲೆ, ಬಾಬಿನ್ ನೂಲು ಅದರ ಕೆಳಗೆ ಹಾದುಹೋದಾಗ ಜಾಲದ ಎಳೆಗಳು ನಡುವೆ ಸಿಕ್ಕಿಕೊಳ್ಳುತ್ತವೆ, ಆಗ ಮಾತ್ರ ಪಟ್ಟಿಗೆ ಹಿಡಿತ ಬರುತ್ತದೆ. 40ನೇ ನಂಬರಿನ ಪಾಲಿಯೆಸ್ಟರ್ ನೂಲಿಗೆ ನಾವು 2 ಮಿ.ಮೀ. ಅಂತರದ, ಎರಡು ದಿಕ್ಕಿನಲ್ಲಿ ಒಂದನ್ನೊಂದು ದಾಟುವ ಜಾಲವನ್ನೂ, ಅದರ ಮೇಲೆ 0.4 ಮಿ.ಮೀ. ಅಂತರದ ಸ್ಯಾಟಿನನ್ನೂ ಬಳಸುತ್ತೇವೆ. ಒಂದೇ ದಿಕ್ಕಿನ ಜಾಲ ಸಾಲುವುದಿಲ್ಲ, ಏಕೆಂದರೆ ಅಡ್ಡ ಎಳೆಗಳಿಲ್ಲದಿದ್ದರೆ ಪಟ್ಟಿ ಆ ದಿಕ್ಕಿನಲ್ಲಿ ಜಾರುತ್ತದೆ.

ಜಾಲವಿದ್ದೂ ಬಿಚ್ಚಿಕೊಂಡರೆ, ಫೈಲನ್ನು ಯಾರಾದರೂ ಹಿಗ್ಗಿಸಿದ್ದಾರೆಯೇ ಎಂದು ಕೇಳಬೇಕು. ಈ ಪ್ರಶ್ನೆಗೆ ಉತ್ತರ ಬಹಳ ಸಲ ‘ಹೌದು, ಸ್ವಲ್ಪ ಮಾತ್ರ’ ಎಂದೇ ಬರುತ್ತದೆ. ಯಂತ್ರಕ್ಕೆ ಹೋಗುವ ಡಿಎಸ್‌ಟಿ ಫೈಲಿನಲ್ಲಿ ಆಕೃತಿಗಳಿರುವುದಿಲ್ಲ. ಸೂಜಿ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬ ಚಲನೆಗಳಷ್ಟೇ, 0.1 ಮಿ.ಮೀ. ಲೆಕ್ಕದಲ್ಲಿ ಇರುತ್ತವೆ. ಯಂತ್ರದ ಫಲಕದಲ್ಲಿಯೇ ಅದನ್ನು ಶೇಕಡಾ 25ರಷ್ಟು ಹಿಗ್ಗಿಸಿದರೆ ಹೊಲಿಗೆಗಳ ಸಂಖ್ಯೆ ಹೆಚ್ಚುವುದಿಲ್ಲ, ಅಂತರ ಹೆಚ್ಚುತ್ತದೆ: 0.4 ಇದ್ದದ್ದು 0.5 ಆಗುತ್ತದೆ, 2 ಇದ್ದದ್ದು 2.5 ಆಗುತ್ತದೆ. ಶೇಕಡಾ 20ರಷ್ಟು ಕುಗ್ಗಿಸಿದರೆ ಅಂತರ 0.32ಕ್ಕೆ ಇಳಿದು, ಸೂಜಿಯ ತೂತುಗಳು ಅಂಚೆಚೀಟಿಯ ಅಂಚಿನಂತೆ ಒತ್ತೊತ್ತಾಗಿ ಬಿದ್ದು, ಹೊಲಿಗೆ ಮುಗಿಯುವ ಮೊದಲೇ ಹಾಳೆ ಕತ್ತರಿಸಿಹೋಗುತ್ತದೆ. ಅಳತೆ ಬದಲಿಸಬೇಕಾದರೆ ಚಿತ್ರವನ್ನು ಹೊಲಿಗೆಯಾಗಿಸಿದ (ಡಿಜಿಟೈಸ್ ಮಾಡಿದ), ಆಕೃತಿಗಳು ಉಳಿದಿರುವ ಮೂಲ ಫೈಲಿಗೆ ಹಿಂದಿರುಗಿ, ಅಲ್ಲಿ ಬದಲಿಸಿ, ಹೊಸದಾಗಿ ಡಿಎಸ್‌ಟಿ ತೆಗೆಯಬೇಕು. ಹೊರಗಿನವರಿಂದ ಫೈಲ್ ಮಾಡಿಸುವವರು ಮೂಲ ಫೈಲನ್ನೂ ಕೇಳಿ ಪಡೆಯುವುದು ಒಳ್ಳೆಯದು.

ಇನ್ನೊಂದು ಜಾಗ ಹೊಲಿಗೆಯ ಆರಂಭ ಮತ್ತು ಅಂತ್ಯ. ನೂಲು ಕತ್ತರಿಸುವ ಪ್ರತಿಯೊಂದು ಕಡೆಯೂ ಒಂದು ದುರ್ಬಲ ಬಿಂದು. ನೂಲು ಬಿಚ್ಚದಂತೆ ಹಾಕುವ ಬೀಗದ ಹೊಲಿಗೆಗಳು ಪಟ್ಟಿಯ ತುದಿಯಲ್ಲಿದ್ದರೆ ತೊಳೆಯುವಾಗ ಜಾರುತ್ತವೆ, ಪಟ್ಟಿಯ ಹೊಟ್ಟೆಯೊಳಗೆ ಮುಚ್ಚಿಹೋಗುವಂತೆ ಇಟ್ಟರೆ ನಿಲ್ಲುತ್ತವೆ. ಕಡಿಮೆ ಕತ್ತರಿಕೆಗಳಿರುವಂತೆ ದಾರಿ ಜೋಡಿಸಿದ ಫೈಲು ಯಾವಾಗಲೂ ಹೆಚ್ಚು ಬಾಳುತ್ತದೆ.

ಒಂದು ಬದಿ ಮಾತ್ರ ಬಿಟ್ಟರೆ: ಹಾಳೆಯ ದೋಷ

ಕರಾವಳಿಯಲ್ಲಿ ಈ ಕೆಲಸ ಮಾಡುವವರು ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲಿ. ಬೇರೆ ಊರಿನವರು ಬರೆದ ಸೂಚನೆಗಳಲ್ಲಿ ಇದರ ಬಗ್ಗೆ ಒಂದೆರಡು ಸಾಲು ಮಾತ್ರ ಇರುತ್ತವೆ, ಏಕೆಂದರೆ ಅವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಗಾಳಿಯ ಪರಿಚಯವಿಲ್ಲ. ಪಿವಿಎ ನೀರನ್ನು ಬಯಸುವ ವಸ್ತು. ಅದು ಕರಗುವುದಕ್ಕೆ ಬೋಗುಣಿಯ ನೀರು ಬೇಕು, ಆದರೆ ಮೆತ್ತಗಾಗುವುದಕ್ಕೆ ಗಾಳಿಯ ತೇವವೇ ಸಾಕು. ಜನವರಿಯಲ್ಲಿ ಕೈಯಲ್ಲಿ ಹಿಡಿದು ಅಲುಗಿಸಿದರೆ ಚರಚರ ಸದ್ದು ಮಾಡುವ ಹಾಳೆ, ಜೋರು ಮಳೆಯ ಆಟಿ ತಿಂಗಳ ಮಧ್ಯಾಹ್ನ ಕೆಂಡದ ಮೇಲೆ ಬಾಡಿಸಿದ ಬಾಳೆ ಎಲೆಯಂತೆ ಸದ್ದಿಲ್ಲದೆ ಬಾಗುತ್ತದೆ. ಫ್ರೇಮಿಗೆ ಬಿಗಿಯುವಾಗ ಡೋಲಿನಂತಿದ್ದದ್ದು, ನಲವತ್ತು ಸಾವಿರ ಹೊಲಿಗೆ ಬೀಳುವಷ್ಟರಲ್ಲಿ ಜೋಲುತ್ತದೆ. ಮೊದಲು ಹೊಲಿದ ಜಾಲ ಒಂದು ಜಾಗದಲ್ಲಿ, ಒಂದು ಗಂಟೆಯ ಅನಂತರ ಬಂದ ಸ್ಯಾಟಿನ್ ಅದರಿಂದ ಅರ್ಧ ಅಥವಾ ಒಂದು ಮಿ.ಮೀ. ಪಕ್ಕದಲ್ಲಿ. ಹಾಳೆ ಇರುವಾಗ ಎರಡೂ ಅದಕ್ಕೆ ಅಂಟಿಕೊಂಡಿರುವುದರಿಂದ ಕಣ್ಣಿಗೆ ಏನೂ ತಿಳಿಯುವುದಿಲ್ಲ.

ಆದರೆ ಕಿಟಕಿಯ ಬೆಳಕಿಗೆ ಹಿಡಿದರೆ ತಿಳಿಯುತ್ತದೆ. ತೊಳೆಯುವ ಮೊದಲು ಪ್ರತಿಯೊಂದು ತುಂಡನ್ನೂ ಹಿಂಭಾಗ ನಮ್ಮ ಕಡೆಗೆ ಬರುವಂತೆ ಬೆಳಕಿಗೆ ಹಿಡಿದು, ಸ್ಯಾಟಿನ್ ಪಟ್ಟಿ ಮತ್ತು ಜಾಲದ ನಡುವೆ ಬರಿಯ ಹಾಳೆ ಮಿನುಗುವ ಸಂದುಗಳನ್ನು ಹುಡುಕಬೇಕು. ಸಂದು ಸಿಕ್ಕಿದರೆ, ಹಾಳೆ ಇನ್ನೂ ಇರುವಾಗಲೇ ಅಲ್ಲಿ ಕೈಯಿಂದ ನಾಲ್ಕು ಹೊಲಿಗೆ ಹಾಕಿ ತುಂಡನ್ನು ಉಳಿಸಿಕೊಳ್ಳಬಹುದು. ನೀರಿಗಿಳಿಸಿದ ಮೇಲೆ ಆ ಅವಕಾಶ ಬಹುಮಟ್ಟಿಗೆ ಮುಗಿದಂತೆಯೇ.

ಸರಿದದ್ದು ಹಾಳೆಯೋ ಫ್ರೇಮೋ ಎಂದು ಬೇರ್ಪಡಿಸುವುದಕ್ಕೆ ನಾವು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇವೆ. ವಿನ್ಯಾಸದ ಹೊರಗೆ 100 ಮಿ.ಮೀ. ಬದಿಯ ಒಂದು ಚೌಕವನ್ನು ಒಂದೆಳೆಯ ರನ್ನಿಂಗ್ ಹೊಲಿಗೆಯಲ್ಲಿ ಮೊಟ್ಟಮೊದಲು ಹೊಲಿಸುತ್ತೇವೆ, ವಿನ್ಯಾಸವೆಲ್ಲ ಮುಗಿದ ಮೇಲೆ ಅದೇ ಚೌಕವನ್ನು ಅದೇ ಜಾಗದಲ್ಲಿ ಮತ್ತೆ ಹೊಲಿಸುತ್ತೇವೆ. ಎರಡು ಚೌಕಗಳು ಒಂದರ ಮೇಲೊಂದು ಬಿದ್ದರೆ ಚಿಂತೆಯಿಲ್ಲ. ಮೊದಲಿನ ಚೌಕ ನಾಲ್ಕೂ ಕಡೆಯಿಂದ ಒಳಕ್ಕೆ ಎಳೆದುಕೊಂಡಿದ್ದರೆ ಹೊಲಿಗೆಯ ಸೆಳೆತಕ್ಕೆ ಹಾಳೆ ಕುಗ್ಗಿದೆ. ಚೌಕ ಇಡಿಯಾಗಿ ಒಂದೇ ದಿಕ್ಕಿಗೆ ಸರಿದಿದ್ದರೆ ಫ್ರೇಮಿನ ಹಿಡಿತ ಜಾರಿದೆ, ಇಲ್ಲವೆ ಫ್ರೇಮು ಯಂತ್ರದ ತೋಳಿನಲ್ಲಿ ಸಡಿಲವಾಗಿದೆ. ಒಂದು ಮೂಲೆ ಮಾತ್ರ ಸರಿದಿದ್ದರೆ ಆ ಮೂಲೆಯ ಕಡೆ ಬಿಗಿತ ಕಡಿಮೆಯಾಗಿದೆ. ಅಂತರ ಅರ್ಧ ಮಿ.ಮೀ. ಮೀರಿದ ಯಾವ ತುಂಡನ್ನೂ ಬೆಳಕಿಗೆ ಹಿಡಿದು ನೋಡದೆ ನಾವು ತೊಳೆಯುವುದಿಲ್ಲ.

ಪರಿಹಾರ ಹಲವು ಚಿಕ್ಕ ಕೆಲಸಗಳಲ್ಲಿದೆ. ಹಾಳೆಯ ಸುರುಳಿಯನ್ನು ಗಾಳಿಯಾಡದ ಡಬ್ಬದಲ್ಲಿ, ಸಿಲಿಕಾ ಜೆಲ್ ಜೊತೆಯಲ್ಲಿ ಇಡಬೇಕು. ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅವು ತೇವ ತುಂಬಿಕೊಂಡಿವೆ ಎಂದು ತಿಳಿದು ಬಿಸಿ ಮಾಡಿ ಒಣಗಿಸಬೇಕು ಅಥವಾ ಬದಲಾಯಿಸಬೇಕು. ಅಂದಿನ ಕೆಲಸಕ್ಕೆ ಬೇಕಾದಷ್ಟು ಹಾಳೆ ಮಾತ್ರ ಹೊರಗೆ ಬರಬೇಕು. ಎಸಿ ಇರುವ ಕೋಣೆಯಲ್ಲಿ ಡ್ರೈ ಮೋಡ್ ಹಾಕಿದರೆ ದೊಡ್ಡ ವ್ಯತ್ಯಾಸ ಕಾಣುತ್ತದೆ. ತೆಳ್ಳನೆಯ ಪಾರದರ್ಶಕ ಹಾಳೆಗಿಂತ 80 ಮೈಕ್ರಾನಿನದ್ದು ಒಳ್ಳೆಯದು, ಮಳೆಗಾಲಕ್ಕೆ ಅದಕ್ಕಿಂತಲೂ ಬಟ್ಟೆಯಂತೆ ಕಾಣುವ ನಾರಿನ ಪಿವಿಎ ಹಾಳೆ ಒಳ್ಳೆಯದು. ನಾರುಗಳು ಸೂಜಿಗೆ ದಾರಿ ಬಿಟ್ಟುಕೊಡುವುದರಿಂದ ಅದು ತೂತಿನ ಸಾಲಿನಲ್ಲಿ ಹರಿಯುವುದು ಕಡಿಮೆ. ಎರಡು ಪದರ ಹಾಕುವಾಗ ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ತಿರುಗಿಸಬೇಕು. ಫ್ರೇಮಿನ ಒಳಬಳೆಗೆ ಹತ್ತಿಯ ನಾಡಾ ಸುತ್ತಿದರೆ ಜಾರುವುದು ನಿಲ್ಲುತ್ತದೆ. ಆದರೆ ಹಾಳೆಯನ್ನು ಜಗ್ಗಿ ಜಗ್ಗಿ ಬಿಗಿಯಬಾರದು, ಹಾಗೆ ಹಿಗ್ಗಿಸಿದ್ದು ಫ್ರೇಮಿನಿಂದ ಇಳಿದ ಕೂಡಲೇ ಹಿಂದಕ್ಕೆ ಕುಗ್ಗಿ ಲೇಸನ್ನು ನೆರಿಗೆಗಟ್ಟಿಸುತ್ತದೆ.

ಫೈಲಿನಲ್ಲಿಯೂ ನೆರವು ಸಿಗುತ್ತದೆ. ಇಡೀ ವಿನ್ಯಾಸದ ಜಾಲವನ್ನು ಮೊದಲು, ಸ್ಯಾಟಿನನ್ನೆಲ್ಲ ಕೊನೆಗೆ ಎಂದು ಜೋಡಿಸುವ ಬದಲು, ಒಂದು ಹೂವಿನ ಜಾಲ ಮುಗಿದ ಬೆನ್ನಿಗೇ ಅದರ ಸ್ಯಾಟಿನ್ ಬರುವಂತೆ, ನಡುವಿನಿಂದ ಹೊರಕ್ಕೆ ಸಾಗುವಂತೆ ಜೋಡಿಸಿದರೆ, ಹಾಳೆ ಸರಿಯಲು ಸಿಗುವ ಸಮಯವೇ ಕಡಿಮೆಯಾಗುತ್ತದೆ. ಯಂತ್ರದ ವೇಗವನ್ನು ನಿಮಿಷಕ್ಕೆ 600 ಹೊಲಿಗೆಗಿಂತ ಮೇಲೆ ಹೋಗಲು ಬಿಡಬಾರದು. ಇನ್ನು ಕರೆಂಟು. ಮಳೆಗೆ ಸಂಜೆ ಕರೆಂಟು ಹೋಗಿ ಅರ್ಧ ಹೊಲಿದ ತುಂಡು ರಾತ್ರಿಯಿಡೀ ಫ್ರೇಮಿನಲ್ಲಿ ಉಳಿದರೆ, ಬೆಳಿಗ್ಗೆ ಯಂತ್ರ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಹಾಳೆ ಮಾತ್ರ ಆ ಜಾಗದಲ್ಲಿರುವುದಿಲ್ಲ. ನಮ್ಮಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗಿ ಒಮ್ಮೆ ಬೆಳಿಗ್ಗೆ ಫ್ರೇಮನ್ನು ಬೆರಳಿನಿಂದ ತಟ್ಟಿ, “ಅಕ್ಕಾ, ನಿನ್ನೆಯ ಸದ್ದು ಇವತ್ತು ಇಲ್ಲ, ಇದನ್ನು ಮುಂದುವರಿಸುವುದು ಬೇಡ” ಎಂದಳು. ಅವಳ ಮಾತು ಕೇಳಿದ್ದರಿಂದ ಅಂದು ಒಂದಿಡೀ ದಿನದ ನೂಲು ಉಳಿಯಿತು. ಅಂದಿನಿಂದ ಕೆಲಸ ಶುರುವಾಗುವ ಮೊದಲು ಫ್ರೇಮನ್ನು ತಟ್ಟಿ ನೋಡುವುದು ನಮ್ಮಲ್ಲಿ ರೂಢಿಯಾಗಿದೆ.

ಕಡಿದ ನೂಲು

ಇದು ಬೇಗ ಪತ್ತೆಯಾಗುವ ದೋಷ. ಉಪ್ಪುಗಾಳಿಗೆ ಸೂಜಿಗಳು ಡಬ್ಬದಲ್ಲಿಯೇ ಸಣ್ಣಗೆ ತುಕ್ಕು ಹಿಡಿಯುತ್ತವೆ; ಉಗುರಿನ ಮೇಲೆ ಸೂಜಿಯ ತುದಿಯನ್ನು ಮೆಲ್ಲಗೆ ಎಳೆದಾಗ ಗೀರು ಬಿದ್ದರೆ ಅದನ್ನು ತೆಗೆದುಹಾಕಬೇಕು. ಲೇಸಿಗೆ 75/11 ಅಳತೆಯ, ಚೂಪಾದ ತುದಿಯ ಸೂಜಿ ಸಾಕು. ತೇವದ ಹಾಳೆ ಸೂಜಿಗೆ ಅಂಟಿ ಗೋಂದಿನಂತೆ ಮೆತ್ತಿಕೊಂಡು ನೂಲನ್ನು ಕಡಿಯುವುದೂ ಉಂಟು, ಆಗ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸರಿಹೋಗುತ್ತದೆ. ಎರಡೂ ಮುಖ ಕಾಣುವ ಲೇಸಿಗೆ ಬಾಬಿನ್‌ನಲ್ಲಿಯೂ ಮೇಲಿನದ್ದೇ ನೂಲು ಬೇಕು. ಅದು ಮಾಮೂಲಿ ಬಾಬಿನ್ ನೂಲಿಗಿಂತ ದಪ್ಪವಾಗಿರುವುದರಿಂದ ಕೇಸಿನ ಸ್ಕ್ರೂವನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ. ನೂಲಿನ ತುದಿ ಹಿಡಿದು ಬಾಬಿನ್ ಕೇಸನ್ನು ತೂಗಿಬಿಟ್ಟು ಕೈಯನ್ನು ಸಣ್ಣಗೆ ಕುಲುಕಿದಾಗ, ಅದು ಒಂದೆರಡು ಇಂಚು ಇಳಿದು ನಿಂತರೆ ಬಿಗಿತ ಸರಿಯಾಗಿದೆ. ಇಳಿಯದೇ ಇದ್ದರೆ ಬಿಗಿ ಹೆಚ್ಚು, ನೆಲದವರೆಗೆ ಓಡಿದರೆ ಸಡಿಲ.

ಹೊಳಪು ಚೆನ್ನಾಗಿದೆ ಎಂದು ರೇಯಾನ್ ನೂಲು ಆರಿಸಿದವರು ಒಂದು ವಿಷಯ ತಿಳಿದಿರಬೇಕು: ಒದ್ದೆಯಾದಾಗ ರೇಯಾನ್ ತನ್ನ ಬಲದ ಅರ್ಧದ ಹತ್ತಿರ ಕಳೆದುಕೊಳ್ಳುತ್ತದೆ. ಅಂಥ ಲೇಸನ್ನು ತೊಳೆಯುವಾಗ ಎತ್ತಿ ಹಿಂಡಿದರೆ ನೂಲು ಕಡಿಯುತ್ತದೆ, ತಟ್ಟೆಯಂಥ ಜರಡಿಯ ಮೇಲೆ ಮಲಗಿಸಿಯೇ ಎತ್ತಬೇಕು. ಹತ್ತಿ ಇದಕ್ಕೆ ವ್ಯತಿರಿಕ್ತ, ಒದ್ದೆಯಾದಾಗ ಅದರ ಬಲ ಹೆಚ್ಚುತ್ತದೆ.

ಬಿಚ್ಚಲಿಲ್ಲ, ಆದರೆ ಅಳತೆ ಕೂಡಲಿಲ್ಲ

ಗಟ್ಟಿಯಾಗಿ ಉಳಿದ ಲೇಸೂ ತಪ್ಪಬಹುದು. ಹಾಳೆ ಹೋದ ಮೇಲೆ ಹೊಲಿಗೆಗಳು ಒಂದರ ಕಡೆಗೊಂದು ಸ್ವಲ್ಪ ಒತ್ತಿಕೊಳ್ಳುತ್ತವೆ, ಆದ್ದರಿಂದ ತೊಳೆದು ಒಣಗಿದ ಲೇಸು ಚಿತ್ರಕ್ಕಿಂತ ಚಿಕ್ಕದಾಗುತ್ತದೆ. ಎಷ್ಟು ಚಿಕ್ಕದು ಎಂಬುದು ನೂಲು, ಹೊಲಿಗೆಯ ಸಾಂದ್ರತೆ, ಹಾಳೆ ಇವನ್ನೆಲ್ಲ ಅವಲಂಬಿಸುವುದರಿಂದ ಪ್ರತಿಯೊಂದು ವಿನ್ಯಾಸಕ್ಕೂ ಒಂದು ಮಾದರಿ ತುಂಡು ಹೊಲಿದು, ತೊಳೆದು, ಒಣಗಿಸಿ ಅಳೆಯದೆ ಗತಿಯಿಲ್ಲ. ಐದೂವರೆ ಮೀಟರಿನ ಸೀರೆಯ ಅಂಚಿಗೆ 11 ಸೆಂ.ಮೀ. ಉದ್ದದ ಒಂದು ಘಟಕವನ್ನು 50 ಸಲ ಜೋಡಿಸಿದರೆ ಲೆಕ್ಕ ಸರಿಯಾಗಿ 550 ಸೆಂ.ಮೀ. ಬರುತ್ತದೆ. ತೊಳೆದ ಮೇಲೆ ಒಂದು ಘಟಕ ಬರಿಯ 2 ಮಿ.ಮೀ. ಕುಗ್ಗಿದರೂ ಸೀರೆಯ ಕೊನೆಯಲ್ಲಿ 10 ಸೆಂ.ಮೀ. ಬರಿದಾಗಿ ಉಳಿಯುತ್ತದೆ. ಅದನ್ನು ಮುಚ್ಚಲು ಲೇಸನ್ನು ಜಗ್ಗಿ ಹೊಲಿದರೆ ಅಂಚು ಸುತ್ತಿಕೊಳ್ಳುತ್ತದೆ.

ಉದ್ದನೆಯ ಲೇಸಿಗೆ ಮತ್ತೆ ಮತ್ತೆ ಫ್ರೇಮು ಬಿಗಿಯುವಾಗ ಕೋನ ತಪ್ಪುವುದು ಇನ್ನೊಂದು ಕಾರಣ. ಒಂದು ಡಿಗ್ರಿ ಎಂದರೆ ಕಣ್ಣಿಗೆ ಕಾಣದಷ್ಟು, ಆದರೆ 30 ಸೆಂ.ಮೀ. ಉದ್ದದ ತುದಿಯಲ್ಲಿ ಅದು 5 ಮಿ.ಮೀ. ಆಗುತ್ತದೆ. ಪ್ರತಿ ಘಟಕದ ಎರಡೂ ತುದಿಯಲ್ಲಿ ಕೂಡುಗುರುತು ಹೊಲಿಸಿ, ಮುಂದಿನದನ್ನು ಎರಡು ಗುರುತುಗಳ ಮೇಲೆ ಕೂರಿಸಬೇಕು, ಒಂದರ ಮೇಲೆ ಮಾತ್ರವಲ್ಲ.

ರವಿಕೆಯ ದುಂಡು ಕೊರಳಿಗೆ ಅಥವಾ ಮಗುವಿನ ಜ್ಞಾನಸ್ನಾನದ ಅಂಗಿಯ ಕಾಲರಿಗೆ ನೇರ ಲೇಸನ್ನು ಬಾಗಿಸಿ ಕೂರಿಸಲು ನೋಡುವವರಿದ್ದಾರೆ. 4 ಸೆಂ.ಮೀ. ಅಗಲದ ಪೂರ್ಣ ವೃತ್ತದ ಕಾಲರಿನಲ್ಲಿ ಹೊರ ಅಂಚು ಒಳ ಅಂಚಿಗಿಂತ ಸುಮಾರು 25 ಸೆಂ.ಮೀ. ಉದ್ದವಿರಬೇಕು, ನೇರ ಲೇಸಿನಲ್ಲಿ ಆ ಉದ್ದ ಎಲ್ಲಿಂದಲೂ ಬರುವುದಿಲ್ಲ. ಇದಕ್ಕೆ ಇಸ್ತ್ರಿಯಲ್ಲಿ ಪರಿಹಾರವಿಲ್ಲ. ಮೊದಲ ಚಿತ್ರವನ್ನೇ ದರ್ಜಿಯ ಕಾಗದದ ಅಚ್ಚಿನ ಮೇಲೆ, ವೃತ್ತದಲ್ಲಿಯೇ ಬರೆಯಬೇಕು.

ತೊಳೆಯುವುದು, ಒಣಗಿಸುವುದು, ಕಲೆ

ತೊಳೆದು ಒಣಗಿಸಿದ ಲೇಸು ಮಳೆಗಾಲದಲ್ಲಿ ಅಂಟಂಟಾದರೆ ಹಾಳೆ ಪೂರ್ತಿ ಹೋಗಿಲ್ಲ ಎಂದೇ ಅರ್ಥ. ಉಳಿದ ಪಿವಿಎ ಲೇಸಿಗೆ ಬಿಗುವು ಕೊಡುತ್ತದೆ ಎಂಬ ಕಾರಣಕ್ಕೆ ಸ್ವಲ್ಪ ಉಳಿಸುವ ಪದ್ಧತಿ ಇದೆ. ಗೋಡೆಗೆ ತೂಗುವ ವಸ್ತುವಿಗೆ ಅದು ಸರಿ. ಮೈಗೆ ತಾಗುವುದಕ್ಕೆ, ಅದರಲ್ಲೂ ಮಗುವಿನ ಕುತ್ತಿಗೆಗೆ ಬರುವುದಕ್ಕೆ, ನಾನು ಅದನ್ನು ಒಪ್ಪುವುದಿಲ್ಲ. ಬೆವರು ತಾಗಿದಾಗ ಅದು ಮತ್ತೆ ಗೋಂದಾಗುತ್ತದೆ. ಬೆಚ್ಚನೆಯ ನೀರನ್ನು ಮೂರು ಸಲ ಬದಲಾಯಿಸಿ, ಬೆರಳುಗಳ ನಡುವೆ ಜಾರುವ ಲೋಳೆ ಇಲ್ಲವಾಗುವವರೆಗೆ ತೊಳೆಯಬೇಕು. ಬಿಗುವು ಬೇಕಿದ್ದರೆ ಅದನ್ನು ಸಾಂದ್ರತೆಯಲ್ಲಿ ತರಬೇಕು. ಅಕ್ಕಿ ಗಂಜಿ ಹಾಕುವುದು ನಮ್ಮ ಮನೆಗಳ ಹಳೆಯ ರೂಢಿ, ಆದರೆ ಗಂಜಿ ಹಾಕಿದ ಲೇಸನ್ನು ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟರೆ ಬೂಷ್ಟು ಬರುವುದು ಖಚಿತ.

ಬಿಳಿಯ ಲೇಸಿನಲ್ಲಿ ಕಂದು ಚುಕ್ಕೆಗಳು ಕಂಡರೆ ಅವುಗಳ ಜಾಗವನ್ನು ನೋಡಬೇಕು. ಪಿನ್ ಚುಚ್ಚಿದ ಕಡೆಗಳಲ್ಲಿ ಮಾತ್ರ ಇದ್ದರೆ ಅದು ಪಿನ್ನಿನ ತುಕ್ಕು. ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಪಿನ್ನುಗಳನ್ನು ಬಳಸಿ, ಹಲಗೆಗೆ ಪ್ಲಾಸ್ಟಿಕ್ ಹೊದಿಸಿ, ಫ್ಯಾನಿನ ಕೆಳಗೆ ಚಪ್ಪಟೆಯಾಗಿ ಒಣಗಿಸಬೇಕು. ಎಲ್ಲ ಕಡೆ ಮಬ್ಬು ಹಳದಿ ಹರಡಿದ್ದರೆ ನೀರಿನಲ್ಲಿ ಕಬ್ಬಿಣದ ಅಂಶವಿದೆ. ನಮ್ಮ ಮುರಕಲ್ಲಿನ ಬಾವಿಯಲ್ಲಿ ಬೇಸಿಗೆಯ ಕೊನೆಗೆ ಇದು ಕಾಣುತ್ತಿತ್ತು. ಕೊನೆಯ ತೊಳೆತಕ್ಕೆ ಸೋಸಿದ ನೀರನ್ನು ಬಳಸತೊಡಗಿದ ಮೇಲೆ ನಿಂತಿತು. ಇಂಥ ಕಲೆಗೆ ಬ್ಲೀಚ್ ಹಾಕಲೇಬಾರದು, ಅದು ತುಕ್ಕಿನ ಕಲೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಬಿಳಿಯ ಹತ್ತಿಯಾದರೆ ಲಿಂಬೆರಸ ಮತ್ತು ಉಪ್ಪು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ತೊಳೆಯಬಹುದು. ಇಸ್ತ್ರಿಯನ್ನು ದಪ್ಪ ಟವಲಿನ ಮೇಲೆ ಲೇಸನ್ನು ಮಗುಚಿ ಹಾಕಿ, ಹಿಂಭಾಗದಿಂದ, ನಡುವೆ ಬಟ್ಟೆ ಇಟ್ಟು ಮಾಡಬೇಕು. ಇಲ್ಲದಿದ್ದರೆ ಉಬ್ಬುಗಳೆಲ್ಲ ಚಪ್ಪಟೆಯಾಗುತ್ತವೆ.

ಲೇಸು ಸರಿಯಿದ್ದು, ಅದನ್ನು ಕೂರಿಸಿದ ಬಟ್ಟೆ ಮೊದಲ ಒಗೆತಕ್ಕೆ ನೆರಿಗೆಗಟ್ಟಿದರೆ, ತಪ್ಪು ಲೇಸಿನದ್ದಲ್ಲ. ಹತ್ತಿ ಬಟ್ಟೆ ಕುಗ್ಗುತ್ತದೆ, ಪಾಲಿಯೆಸ್ಟರ್ ಲೇಸು ಆ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಬಟ್ಟೆಯನ್ನು ಮೊದಲೇ ನೆನೆಸಿ ಒಣಗಿಸಿ ಆಮೇಲೆ ಲೇಸು ಹಚ್ಚಬೇಕು.

ಬಿಚ್ಚಿದ್ದನ್ನು ಮತ್ತೆ ಕೂಡಿಸುವುದು

ಬೇರ್ಪಟ್ಟರೂ ಒಳಗೆ ಗಟ್ಟಿಯಾಗಿ ಉಳಿದ ಹೂಗಳನ್ನು ಉಳಿಸಿಕೊಳ್ಳಬಹುದು. ನಿಜಅಳತೆಯ ಚಿತ್ರವನ್ನು ಹಲಗೆಯ ಮೇಲಿಟ್ಟು, ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್, ಅದರ ಮೇಲೆ ಹೊಸ ಕರಗುವ ಹಾಳೆ ಹಾಸಿ, ಪೂರ್ತಿ ಒಣಗಿದ ಹೂಗಳನ್ನು ಅವುಗಳ ಜಾಗದಲ್ಲಿ ಕೂರಿಸಿ ಪಿನ್ ಮಾಡಬೇಕು. ಬಳಿಕ ಹೂಗಳನ್ನು ಹಾಳೆಗೆ ಟಾಕು ಹಾಕಿ, ಪಿನ್ನು ಮತ್ತು ಹಲಗೆಯನ್ನು ತೆಗೆದು, ನಡುವಿನ ಕೊಂಡಿಗಳನ್ನು ಅದೇ ನೂಲಿನಿಂದ ಕೈಯಲ್ಲಿಯೇ ಕಟ್ಟಬೇಕು: ಮೊದಲು ಎರಡು ಹೂಗಳ ಒಳಭಾಗದಿಂದ ಹಾದುಹೋಗುವ ಮೂರು ಎಳೆ, ಆಮೇಲೆ ಆ ಎಳೆಗಳನ್ನು ಸುತ್ತಿಕೊಳ್ಳುವ ಬಟನ್‌ಹೋಲ್ ಹೊಲಿಗೆ. ಹೂವಿನ ತೀರಾ ಅಂಚಿಗೆ ಸೂಜಿ ಚುಚ್ಚದೆ, ಜಾಲ ಸಿಗುವಷ್ಟು ಒಳಗೆ ಚುಚ್ಚಬೇಕು.

ಆ ಬಲಿಪೀಠದ ಹೊದಿಕೆಗೆ ಮಾಡಿಸಿದ ಹೊಸ ಫೈಲಿನಲ್ಲಿ ಪ್ರತಿ ತೆನೆಗೂ ಮೂರು ಕೊಂಡಿಗಳಿದ್ದವು, ಅವು ತೆನೆಯ ಮುಳ್ಳುಗಳಾಗಿಯೇ ಕಾಣುತ್ತಿದ್ದವು. ಮೊದಲ ಎರಡು ತುಂಡುಗಳಿಂದ ಉಳಿದ ಹನ್ನೊಂದು ಹೂಗಳನ್ನು ನಾವು ಮೂವರು ಎರಡು ಸಂಜೆ ಕೂತು ಹೀಗೆಯೇ ಕೂಡಿಸಿದೆವು, ಅವು ಹೊದಿಕೆಯ ಎಡ ಬದಿಯ ಅಂಚಿನಲ್ಲಿವೆ. ಸೆಪ್ಟೆಂಬರ್ 6ರ ರಾತ್ರಿ ಕೊನೆಯ ತುಂಡನ್ನು ನೀರಿಗಿಳಿಸಿ, ಹಾಳೆ ಕರಗಿ, ಜರಡಿಯ ಮೇಲೆ ಇಡಿಯಾಗಿ ಎತ್ತಿಕೊಂಡೆವು.